ರಸ್ತೆ ದಾಟುವವರ ಅಭಿಪ್ರಾಯ ಎಲ್ಲಿದೆ?

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ರಸ್ತೆಯ ಮಾತು ಬಂದರೆ ಸಾಕು, ಎಲ್ಲರಿಗೂ ಒಂದು ಅಭಿಪ್ರಾಯವಿರುತ್ತದೆ. ಚಹಾದಂಗಡಿ ಇರಲಿ, ಕಾಲೇಜಿನ ಕಟ್ಟೆ ಇರಲಿ, ಕಿಮ್ಸ್ ಆಸ್ಪತ್ರೆಯ ಆಸುಪಾಸಿನ ಔಷಧಿ ಅಂಗಡಿ ಇರಲಿ, ಕೇಳಿಬರುವ ಮಾತಿನ ಸಾರ ಹೆಚ್ಚೂಕಡಿಮೆ ಒಂದೇ: ‘ನಡುವಿನ ದಾರಿ ಬಸ್ಸಿಗೆ ಬಿಟ್ರು, ನಮ್ಮ ಗಾಡಿಗೆ ಜಾಗನ ಇಲ್ಲದಂಗಾತು.’ ಈ ಮಾತು ಪತ್ರಿಕೆಗಳಲ್ಲಿ ಬಂದಿದೆ. ಪ್ರತಿಭಟನೆಗಳಲ್ಲಿ ಘೋಷಣೆಯಾಗಿದೆ. ಚುನಾಯಿತ ಪ್ರತಿನಿಧಿಗಳ ಬಾಯಲ್ಲೂ ಕೇಳಿಬಂದಿದೆ. ಹೀಗೆ ಬಾಯಿಂದ ಬಾಯಿಗೆ ದಾಟುತ್ತಾ ಅದಕ್ಕೆ ‘ಜನಾಭಿಪ್ರಾಯ’ ಎಂಬ ಗೌರವದ ಹೆಸರು ಸಿಕ್ಕಿಬಿಟ್ಟಿದೆ.

ಕಥೆ ಬರೆಯುವವರಿಗೆ ಒಂದು ಅಭ್ಯಾಸವಿರುತ್ತದೆ. ಯಾವ ಕಥೆಯನ್ನು ಕೇಳಿದರೂ ಅದನ್ನು ಹೇಳುತ್ತಿರುವವರು ಯಾರು, ಅವರು ಎಲ್ಲಿ ನಿಂತು ಹೇಳುತ್ತಿದ್ದಾರೆ, ಆ ಕಥೆಯಲ್ಲಿ ಇರಬೇಕಾಗಿದ್ದೂ ಕಾಣೆಯಾದ ಪಾತ್ರ ಯಾವುದು ಎಂದು ನೋಡುವ ಅಭ್ಯಾಸ. ವಿದ್ಯಾನಗರದ ರಸ್ತೆಯ ಬಗೆಗಿನ ಈ ಜನಾಭಿಪ್ರಾಯವನ್ನೂ ನಾವು ಹಾಗೆಯೇ ಓದಲು ಯತ್ನಿಸಿದ್ದೇವೆ. ಇದು ಬಿಆರ್‌ಟಿಎಸ್ ಯೋಜನೆಯ ವಕಾಲತ್ತಲ್ಲ. ಆ ಯೋಜನೆಯ ತಪ್ಪುಗಳ ಪಟ್ಟಿಯೂ ಮುಂದೆ ಬರುತ್ತದೆ. ಆದರೆ ತಪ್ಪನ್ನು ಸರಿಯಾದ ಜಾಗದಲ್ಲಿ ಗುರುತಿಸದಿದ್ದರೆ ಅದನ್ನು ತಿದ್ದುವ ಕೆಲಸವೂ ತಪ್ಪು ದಾರಿಗೇ ಹೋಗುತ್ತದೆ.

ರಸ್ತೆಯ ಹಿನ್ನೆಲೆ

ಮೊದಲು ಸಂಗತಿಗಳನ್ನು ನೋಡೋಣ. ಹುಬ್ಬಳ್ಳಿ ಮತ್ತು ಧಾರವಾಡ ಒಂದೇ ಮಹಾನಗರ ಪಾಲಿಕೆಯಡಿ ಸೇರಿದ್ದು 1962ರಲ್ಲಿ. ಇಪ್ಪತ್ತು ಕಿಲೋಮೀಟರ್ ಅಂತರದ ಈ ಎರಡು ಊರುಗಳನ್ನು ಬೆಸೆದದ್ದು ಹಳೆಯ ಪುಣೆ-ಬೆಂಗಳೂರು ರಸ್ತೆ, ಜನರ ಬಾಯಲ್ಲಿ ಪಿ.ಬಿ. ರೋಡ್. ವಿದ್ಯಾನಗರ ಬೆಳೆದದ್ದು ಇದೇ ರಸ್ತೆಯ ಬದಿಗೆ. 1947ರಲ್ಲಿ ಆರಂಭವಾದ ಬಿವಿಬಿ ಎಂಜಿನಿಯರಿಂಗ್ ಕಾಲೇಜು, 1957ರಲ್ಲಿ ಹುಟ್ಟಿದ ವೈದ್ಯಕೀಯ ಕಾಲೇಜು ಮತ್ತು ಅದರ ಆಸ್ಪತ್ರೆ, ಜಾಬಿನ್ ವಿಜ್ಞಾನ ಕಾಲೇಜು ಎಲ್ಲವೂ ಈ ಸುತ್ತಿನಲ್ಲೇ ಇವೆ. ಹೆಸರೇ ಹೇಳುವಂತೆ ಇದು ವಿದ್ಯೆಯ ನಗರ. ಇಲ್ಲಿ ದಿನವೂ ಓಡಾಡುವವರಲ್ಲಿ ದೊಡ್ಡ ಪಾಲು ವಿದ್ಯಾರ್ಥಿಗಳದು. ಅವರ ನಂತರದ ಪಾಲು ಹಳ್ಳಿಗಳಿಂದ ಆಸ್ಪತ್ರೆಗೆ ಬರುವ ರೋಗಿಗಳದು ಮತ್ತು ಅವರ ಜೊತೆಯವರದು. ಈ ಎರಡೂ ವರ್ಗಗಳು ಬಹುಮಟ್ಟಿಗೆ ಬಸ್ಸಿನಲ್ಲಿ ಬಂದು ಕಾಲ್ನಡಿಗೆಯಲ್ಲಿ ತಿರುಗಾಡುವ ವರ್ಗಗಳು ಎಂಬುದನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಇದೇ ದಾರಿಯಲ್ಲಿ ವಿಶ್ವಬ್ಯಾಂಕಿನ ನೆರವಿನೊಂದಿಗೆ ಹುಬ್ಬಳ್ಳಿ-ಧಾರವಾಡ ತ್ವರಿತ ಬಸ್ ಸಾರಿಗೆ, ಅಂದರೆ ಬಿಆರ್‌ಟಿಎಸ್ ಬಂತು. ಸುಮಾರು ಇಪ್ಪತ್ತೆರಡು ಕಿಲೋಮೀಟರ್ ಉದ್ದದ ಈ ಮಾರ್ಗದಲ್ಲಿ 2018ರ ಅಕ್ಟೋಬರಿನಲ್ಲಿ ಪ್ರಾಯೋಗಿಕವಾಗಿ ‘ಚಿಗರಿ’ ಬಸ್ಸುಗಳು ಓಡತೊಡಗಿದವು. 2020ರ ಫೆಬ್ರವರಿ 2ರಂದು ಆಗಿನ ಉಪರಾಷ್ಟ್ರಪತಿ ಎಂ. ವೆಂಕಯ್ಯ ನಾಯ್ಡು ಅವರು ಅದನ್ನು ಅಧಿಕೃತವಾಗಿ ಉದ್ಘಾಟಿಸಿದರು. ರಸ್ತೆಯ ನಟ್ಟನಡುವೆ ಬಸ್ಸಿಗೆ ಮೀಸಲಾದ ಪಥ, ಅಲ್ಲಿಯೇ ನಿಲ್ದಾಣ, ಎರಡೂ ಬದಿಗೆ ಉಳಿದೆಲ್ಲ ವಾಹನಗಳ ಪಥ, ಇದು ಅದರ ರಚನೆ. ಬಸ್ಸಿನ ಪಥಕ್ಕೆ ಕಾರು, ಬೈಕು, ಆಟೊ, ಟಂಟಂ ನುಗ್ಗುವಂತಿಲ್ಲ.

ಅಂದಿನಿಂದ ಜಗಳ ನಿಂತಿಲ್ಲ. ಬಸ್ ಪಥವನ್ನು ಎಲ್ಲ ವಾಹನಗಳಿಗೂ ತೆರೆಯಿರಿ ಎಂಬುದು ಒಂದು ಬೇಡಿಕೆ. ಬಿಆರ್‌ಟಿಎಸ್ಸನ್ನೇ ಕಿತ್ತುಹಾಕಿ ಎಂಬುದು ಅದಕ್ಕಿಂತ ಒಂದು ಹೆಜ್ಜೆ ಮುಂದಿನ ಬೇಡಿಕೆ. ಇತ್ತೀಚಿನ ವರ್ಷಗಳಲ್ಲಿ ಅದರ ಬದಲಿಗೆ ವಿದ್ಯುತ್ ಚಾಲಿತ ಹೊಸ ಸಾರಿಗೆ ತರುವ ಮಾತೂ ಸರಕಾರದ ಮಟ್ಟದಲ್ಲಿ ನಡೆದಿದೆ. ಚಿಗರಿ ಬಸ್ಸುಗಳು ಹಳತಾಗಿ ಅವುಗಳ ಮೇಲಿನ ದೂರುಗಳೂ ಹೆಚ್ಚಿವೆ. ಹೀಗೆ ವಾದ, ಪ್ರತಿವಾದ ಎರಡೂ ಬೆಳೆದಿವೆ. ಆದರೆ ಎರಡೂ ಕಡೆಯ ಮಾತು ವಾಹನಗಳ ಬಗ್ಗೆಯೇ. ಒಬ್ಬರು ಬಸ್ಸಿನ ಪರ, ಇನ್ನೊಬ್ಬರು ಕಾರಿನ ಪರ. ಕಾಲಿನ ಪರವಾಗಿ ಮಾತನಾಡುವವರು ಎಲ್ಲಿದ್ದಾರೆ?

ಹೇಳುವವರು ಯಾರು?

‘ಜನ ಬೇಡ ಅನ್ನುತ್ತಾರೆ’ ಎಂಬ ವಾಕ್ಯದಲ್ಲಿ ಜನ ಎಂದರೆ ಯಾರು ಎಂದು ಕೇಳುವುದು ವಿಮರ್ಶೆಯ ಮೊದಲ ಕೆಲಸ. ಮನವಿ ಪತ್ರಕ್ಕೆ ಸಹಿ ಹಾಕುವವರು, ಅಧಿಕಾರಿಗಳ ಸಭೆಗೆ ಹೋಗಿ ಕೂರುವಷ್ಟು ಪುರಸೊತ್ತು ಇರುವವರು, ಪತ್ರಿಕೆಯವರು ಫೋನ್ ಮಾಡಿ ಕೇಳುವಂಥ ಹೆಸರು ಇರುವವರು ಸಾಮಾನ್ಯವಾಗಿ ಸ್ವಂತ ಮನೆ, ಸ್ವಂತ ಅಂಗಡಿ, ಸ್ವಂತ ವಾಹನ ಇರುವವರು. ಅವರು ಹೇಳುವುದು ಸುಳ್ಳಲ್ಲ. ಅವರ ಕಾರು ನಿಜವಾಗಿಯೂ ಸಿಕ್ಕಿಹಾಕಿಕೊಳ್ಳುತ್ತದೆ. ಪಕ್ಕದಲ್ಲಿ ಬಸ್ ಪಥ ಖಾಲಿ ಕಂಡಾಗ ಸಿಟ್ಟು ಬರುವುದೂ ಸಹಜ. ಆದರೆ ಅದು ಒಂದು ಓಣಿಯ ಅಭಿಪ್ರಾಯ, ಊರಿನದಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಕಾರು ಇರುವುದು ನೂರಕ್ಕೆ ಸುಮಾರು ಎಂಟು ಕುಟುಂಬಗಳಲ್ಲಿ. ವಿದ್ಯಾನಗರದಂಥ ಅನುಕೂಲಸ್ಥರ ಬಡಾವಣೆಯಲ್ಲಿ ಈ ಪ್ರಮಾಣ ಹೆಚ್ಚೇ ಇದ್ದೀತು. ಆದರೆ ವಿದ್ಯಾನಗರದ ರಸ್ತೆಯನ್ನು ಬಳಸುವವರು ವಿದ್ಯಾನಗರದ ಮನೆಯವರು ಮಾತ್ರವೇ? ಪಾತ್ರೆ ತೊಳೆಯಲು ಬರುವ ಹೆಂಗಸು, ಆಸ್ಪತ್ರೆಯ ಆಯಾ, ಹಾಸ್ಟೆಲ್ ಹುಡುಗಿ, ನವಲಗುಂದದಿಂದ ಮಗನನ್ನು ಕಿಮ್ಸ್‌ಗೆ ಕರೆತಂದ ರೈತ, ತಳ್ಳುಗಾಡಿಯಲ್ಲಿ ಹಣ್ಣು ಮಾರುವ ಸಾಬಿ, ಇವರೆಲ್ಲ ಆ ರಸ್ತೆಯ ನಿವಾಸಿಗಳಲ್ಲ. ಆದ್ದರಿಂದ ‘ಸ್ಥಳೀಯ ನಿವಾಸಿಗಳ ಅಭಿಪ್ರಾಯ’ ಎಂಬ ಮಾತಿನಲ್ಲಿ ಇವರ್‍ಯಾರೂ ಲೆಕ್ಕಕ್ಕೆ ಬರುವುದಿಲ್ಲ. ದಿನಕ್ಕೆ ನಾಲ್ಕು ಸಲ ಆ ರಸ್ತೆ ದಾಟುವವರಿಗೆ ಆ ರಸ್ತೆಯ ಬಗ್ಗೆ ಅಭಿಪ್ರಾಯ ಹೇಳುವ ಹಕ್ಕಿಲ್ಲ. ಗಾಜು ಏರಿಸಿಕೊಂಡು ಅದರ ಮೇಲೆ ಹಾದುಹೋಗುವವರಿಗೆ ಇದೆ!

ನಮ್ಮ ಮನೆಮಾತಾದ ಉರ್ದುವಿನಲ್ಲಿ ನಡೆದು ಹೋಗುವವನಿಗೆ ‘ರಾಹಗೀರ್’ ಎಂಬ ಚಂದದ ಪದವಿದೆ. ಕನ್ನಡದಲ್ಲಿ ‘ದಾರಿಹೋಕ’ ಇದ್ದಾನೆ. ಎರಡೂ ಪದಗಳಲ್ಲಿ ದಾರಿ ಅವನ ಹೆಸರಿನೊಳಗೇ ಇದೆ. ಸರಕಾರಿ ಕನ್ನಡದ ‘ಪಾದಚಾರಿ’ಯಲ್ಲಿ ಪಾದ ಮಾತ್ರ ಉಳಿದಿದೆ, ದಾರಿ ಬಿದ್ದುಹೋಗಿದೆ. ನಮ್ಮ ರಸ್ತೆಗಳಲ್ಲಿ ಆದದ್ದೂ ಇದೇ.

ಖಾಲಿ ಕಾಣುವ ಪಥದ ಲೆಕ್ಕ

ಬಸ್ ಪಥ ಯಾವಾಗಲೂ ಖಾಲಿ ಇರುತ್ತದೆ ಎಂಬುದು ಅತಿ ಹೆಚ್ಚು ಕೇಳಿಬರುವ ಆಕ್ಷೇಪ. ಇದು ಕಣ್ಣಿನ ಲೆಕ್ಕ. ನಲವತ್ತು ಜನರಿರುವ ಒಂದು ಬಸ್ಸು ಹಾದುಹೋಗಿ ಇನ್ನೊಂದು ಬರುವ ತನಕ ಆ ಪಥ ಖಾಲಿಯಾಗಿಯೇ ಕಾಣುತ್ತದೆ. ಅದೇ ನಲವತ್ತು ಜನ ಒಬ್ಬೊಬ್ಬರೇ ಕಾರಿನಲ್ಲಿ ಬಂದರೆ ಉಣಕಲ್ ಕ್ರಾಸ್‌ವರೆಗೆ ಸಾಲು ನಿಲ್ಲುತ್ತದೆ. ತುಂಬಿದಂತೆ ಕಾಣುವ ಪಥ ಹೆಚ್ಚು ಕೆಲಸ ಮಾಡುತ್ತಿದೆ ಎಂದು ನಾವು ಭ್ರಮಿಸುತ್ತೇವೆ. ಅಮೆರಿಕದ ನಗರ ಸಾರಿಗೆ ಅಧಿಕಾರಿಗಳ ಸಂಘವು ಕೊಡುವ ಲೆಕ್ಕದ ಪ್ರಕಾರ ಒಂದೇ ಅಗಲದ ಪಥದಲ್ಲಿ ಗಂಟೆಗೆ ಕಾರುಗಳ ಮೂಲಕ ಸಾಗಬಹುದಾದವರು 600ರಿಂದ 1600 ಮಂದಿ. ಬಸ್ಸಿಗೆ ಮೀಸಲಾದ ಪಥದಲ್ಲಿ 4000ದಿಂದ 8000 ಮಂದಿ. ನಮ್ಮ ಕೇಂದ್ರ ಸರಕಾರವೇ 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯಲ್ಲಿ ರಸ್ತೆಯ ಜಾಗವನ್ನು ವಾಹನಗಳ ಲೆಕ್ಕದಲ್ಲಲ್ಲ, ಜನರ ಲೆಕ್ಕದಲ್ಲಿ ಹಂಚಬೇಕು ಎಂಬ ತತ್ವವನ್ನು ಒಪ್ಪಿಕೊಂಡಿದೆ.

ಆದರೆ ಈ ವಾದಕ್ಕೆ ಒಂದು ಷರತ್ತಿದೆ. ಬಸ್ಸುಗಳು ನಿಜವಾಗಿ ಬರಬೇಕು. ಹೊತ್ತಿಗೆ ಸರಿಯಾಗಿ ಬರಬೇಕು. ಕೆಟ್ಟು ನಿಲ್ಲಬಾರದು. ಬಸ್ಸು ಕಡಿಮೆಯಾದಂತೆಲ್ಲ ಪಥ ನಿಜವಾಗಿಯೂ ಖಾಲಿಯಾಗುತ್ತದೆ. ಆಗ ಕಾರಿನವರ ಆಕ್ಷೇಪ ನ್ಯಾಯವಾಗಿಬಿಡುತ್ತದೆ. ಸುಮಾರು ಸಾವಿರ ಕೋಟಿ ಸುರಿದು ರಸ್ತೆ ಮಾಡಿ, ಅದರ ಮೇಲೆ ಓಡುವ ಬಸ್ಸುಗಳ ದುರಸ್ತಿಗೆ ಹಿಂದೆಮುಂದೆ ನೋಡುವ ಆಡಳಿತವು ತನ್ನ ಯೋಜನೆಯನ್ನು ತಾನೇ ಕೊಲ್ಲುತ್ತಿದೆ ಎನ್ನಬೇಕಾಗುತ್ತದೆ.

ಅಂಗಡಿಕಾರರ ಭಯ

ಕಾರಿನ ಜಾಗ ಕಡಿಮೆ ಮಾಡುವ ಮಾತು ಬಂದಾಗ ಲೋಕದ ಎಲ್ಲ ಕಡೆ ಮೊದಲು ಎದ್ದು ನಿಲ್ಲುವವರು ಅಂಗಡಿಕಾರರು. ಗಿರಾಕಿ ಎಲ್ಲಿ ಗಾಡಿ ನಿಲ್ಲಿಸಬೇಕು ಎಂಬುದು ಅವರ ಪ್ರಶ್ನೆ. ಈ ಭಯವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಬಿಆರ್‌ಟಿಎಸ್ ಕಾಮಗಾರಿ ವರ್ಷಗಟ್ಟಲೆ ನಡೆದಾಗ ಧೂಳಿನಲ್ಲಿ ಕೂತು ವ್ಯಾಪಾರ ಕಳೆದುಕೊಂಡವರು ಅವರು. ಅಂಥವರ ಮುಂದೆ ಮತ್ತೊಂದು ಯೋಜನೆಯ ಹೆಸರೆತ್ತಿದರೆ ಅನುಮಾನಿಸುವುದು ಸಹಜವೇ.

ಆದರೂ ಒಂದು ಮಾತನ್ನು ಅವರ ಮುಂದೆ ಇಡಬೇಕು. ಜರ್ಮನಿಯ ಬರ್ಲಿನ್ ನಗರದ ಎರಡು ವ್ಯಾಪಾರಿ ಬೀದಿಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ತಮ್ಮ ಗಿರಾಕಿಗಳಲ್ಲಿ ಎಷ್ಟು ಮಂದಿ ಕಾರಿನಲ್ಲಿ ಬರುತ್ತಾರೆ ಎಂದು ಅಂಗಡಿಕಾರರನ್ನು ಕೇಳಲಾಯಿತು. ಅವರ ಅಂದಾಜು ನೂರಕ್ಕೆ ಸುಮಾರು 22. ಗಿರಾಕಿಗಳನ್ನೇ ಕೇಳಿದಾಗ ಹೊರಬಿದ್ದ ಸಂಖ್ಯೆ ನೂರಕ್ಕೆ ಸುಮಾರು 7. ಕಾರಿನಲ್ಲಿ ಬಂದ ಗಿರಾಕಿ ಅಂಗಡಿಕಾರನ ಕಣ್ಣಿಗೆ ಬೀಳುತ್ತಾನೆ. ನಡೆದು ಬಂದು ವಾರಕ್ಕೆ ಐದು ದಿನ ಖರೀದಿಸುವವನು ನೆನಪಿನಲ್ಲಿ ಉಳಿಯುವುದಿಲ್ಲ. ಕಾರಿನಲ್ಲಿ ಬರುವವನು ತನ್ನನ್ನೇ ಆ ಅಂಗಡಿಕಾರನ ಕನ್ನಡಿಯಲ್ಲಿ ತೋರಿಸುತ್ತಾನೆ. ಅಂಗಡಿಕಾರನೂ ಕಾರಿನಲ್ಲೇ ಬಂದವನಾಗಿರುತ್ತಾನೆ. ಬರ್ಲಿನ್‌ನ ಲೆಕ್ಕ ಹುಬ್ಬಳ್ಳಿಗೆ ಹಾಗೆಯೇ ಅನ್ವಯಿಸುವುದಿಲ್ಲ ನಿಜ. ಆದರೆ ವಿದ್ಯಾನಗರದಲ್ಲಿ ಝೆರಾಕ್ಸ್ ಅಂಗಡಿ, ಪುಸ್ತಕದಂಗಡಿ, ಗಿರಮಿಟ್ ಮಿರ್ಚಿಯ ಅಂಗಡಿ, ಖಾನಾವಳಿ ಇವುಗಳ ಮುಂದೆ ಒಂದು ಸಂಜೆ ನಿಂತು ಎಣಿಸಿದರೆ ಸಾಕು, ಹಣ ಯಾರ ಜೇಬಿನಿಂದ ಬರುತ್ತಿದೆ ಎಂದು ಯಾರಿಗಾದರೂ ತಿಳಿಯುತ್ತದೆ. ಆ ಹುಡುಗ ಹುಡುಗಿಯರು ನಡೆದೇ ಬಂದಿರುತ್ತಾರೆ.

ಯೋಜನೆ ಎಡವಿದ್ದೆಲ್ಲಿ?

ಈಗ ಬಿಆರ್‌ಟಿಎಸ್ ವಿನ್ಯಾಸದ ವಿಮರ್ಶೆಗೆ ಬರೋಣ. ನಿಲ್ದಾಣ ರಸ್ತೆಯ ನಡುವೆ ಇದೆ. ಅಂದರೆ ಚಿಗರಿ ಹತ್ತುವ ಮತ್ತು ಇಳಿಯುವ ಪ್ರತಿಯೊಬ್ಬ ಪ್ರಯಾಣಿಕನೂ ಕಾರು, ಬೈಕು, ಲಾರಿಗಳ ಪಥವನ್ನು ದಾಟಲೇಬೇಕು. ಬಸ್ ಪ್ರಯಾಣ ಎಂಬುದು ಬಸ್ಸಿನ ಬಾಗಿಲಲ್ಲಿ ಶುರುವಾಗುವುದಿಲ್ಲ. ಮನೆಯ ಬಾಗಿಲಲ್ಲಿ ಶುರುವಾಗುತ್ತದೆ. ಮನೆಯಿಂದ ನಿಲ್ದಾಣದವರೆಗಿನ ನಡಿಗೆ ಸುಖಕರವಾಗಿಲ್ಲದಿದ್ದರೆ ಹವಾನಿಯಂತ್ರಿತ ಬಸ್ಸಿದ್ದು ಏನು ಪ್ರಯೋಜನ? ಬಸ್ಸಿಗೆ ಅಗಲವಾದ ಹಾಸು ಸಿಕ್ಕಿತು. ಕಾರಿಗೂ ಪಥಗಳು ಸಿಕ್ಕವು. ಈ ಎರಡರ ನಡುವೆ ಕುಗ್ಗಿದ್ದು ನಡೆಯುವವರ ಜಾಗ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ನಿಯಮಾವಳಿಯು ಫುಟ್‌ಪಾತಿನಲ್ಲಿ ಯಾವ ಅಡೆತಡೆಯೂ ಇಲ್ಲದ ಕನಿಷ್ಠ 1.8 ಮೀಟರ್ ಅಗಲ ಇರಬೇಕು ಎನ್ನುತ್ತದೆ. ಇಬ್ಬರು ಎದುರುಬದುರಾದಾಗ ಯಾರೂ ರಸ್ತೆಗೆ ಇಳಿಯದೆ ಹಾದುಹೋಗಲು ಬೇಕಾದ ಅಳತೆ ಅದು. ಟ್ರಾನ್ಸ್‌ಫಾರ್ಮರ್, ಜಾಹೀರಾತು ಫಲಕ, ನಿಲ್ಲಿಸಿದ ಬೈಕು, ಕಿತ್ತ ಕಲ್ಲು ಇವುಗಳನ್ನು ಕಳೆದು ಉಳಿದ ಜಾಗವನ್ನು ಓದುಗರು ತಾವೇ ತಮ್ಮ ತಮ್ಮ ಊರಿನಲ್ಲಿ ಅಳೆದು ನೋಡಬಹುದು.

ಇದು ಸೌಂದರ್ಯದ ಪ್ರಶ್ನೆಯಲ್ಲ, ಜೀವದ ಪ್ರಶ್ನೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರು. ಐದು ಸಾವುಗಳಲ್ಲಿ ಒಂದು ಸಾವು ಯಾವ ವಾಹನವನ್ನೂ ಓಡಿಸದವರದು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ನಡೆಯಲು ಯೋಗ್ಯವಾದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಹೇಳಿತು. ಅಂದರೆ ಫುಟ್‌ಪಾತು ಪಾಲಿಕೆಯ ದಯೆಯಲ್ಲ. ಉಳಿದ ಹಣದಲ್ಲಿ, ಉಳಿದ ಜಾಗದಲ್ಲಿ ಮಾಡಿಕೊಡುವ ಉಪಕಾರವಲ್ಲ.

ಅಗಲೀಕರಣದ ಬೆಲೆ

ಇಲ್ಲಿ ಒಂದು ನೋವಿನ ವಿಷಯವನ್ನು ಎತ್ತದೆ ಮುಂದೆ ಹೋಗಲಾಗುವುದಿಲ್ಲ. ಹುಬ್ಬಳ್ಳಿಯಲ್ಲಿ ಕಾರಿನ ಪಥವನ್ನು ಕಡಿಮೆ ಮಾಡಲಾಯಿತು ಎಂಬ ದೂರೇ ಪೂರ್ತಿ ಸರಿಯಲ್ಲ. ಇಲ್ಲಿ ನಡೆದದ್ದು ಬೇರೆ. ಬಸ್ಸಿಗೂ ಜಾಗ ಬೇಕು, ಕಾರಿನ ಜಾಗವೂ ಉಳಿಯಬೇಕು ಎಂದು ರಸ್ತೆಯನ್ನೇ ಅಗಲ ಮಾಡಲಾಯಿತು. ಅದಕ್ಕಾಗಿ ಬದಿಯ ಹಳೆಯ ಮರಗಳು ಉರುಳಿದವು. ಮನೆ, ಅಂಗಡಿಗಳ ಮುಂಭಾಗ ಹೋಯಿತು. 2022ರ ಡಿಸೆಂಬರಿನಲ್ಲಿ ಬಿಗಿ ಪೊಲೀಸ್ ಕಾವಲಿನ ನಡುವೆ ಭೈರಿದೇವರಕೊಪ್ಪದ ದರ್ಗಾವನ್ನು ತೆರವುಗೊಳಿಸಲಾಯಿತು. ಇದೇ ಯೋಜನೆಗಾಗಿ ದೇವಸ್ಥಾನಗಳೂ ತೆರವಾಗಿವೆ ಎಂದು ಸರಕಾರ ಹೇಳಿತು. ಅದು ನಿಜವೂ ಹೌದು.

ಆಗ ನಡೆದ ಚರ್ಚೆ ಎರಡೇ ದಿಕ್ಕಿನಲ್ಲಿ ಹರಿಯಿತು. ಮುಸ್ಲಿಮರ ನಡುವೆ ದರ್ಗಾದ ನೋವು, ಇತರರ ನಡುವೆ ಅಭಿವೃದ್ಧಿಗೆ ಅಡ್ಡಿ ಎಂಬ ಸಿಟ್ಟು. ಯಾರ ಗುಡಿ ಹೋಯಿತು, ಯಾರ ಗೋರಿ ಹೋಯಿತು ಎಂಬ ಎಣಿಕೆಯಲ್ಲಿ ಒಂದು ಸಣ್ಣ ಪ್ರಶ್ನೆ ಕಳೆದುಹೋಯಿತು: ರಸ್ತೆಗೆ ಇಷ್ಟು ಅಗಲ ಏಕೆ ಬೇಕಾಗಿತ್ತು? ಒಂದು ಪಥಕ್ಕೆ ಹೆದ್ದಾರಿಯಲ್ಲಿ ಮೂರೂವರೆ ಮೀಟರ್ ಬೇಕು. ಊರಿನೊಳಗೆ ಮೂರು ಮೀಟರ್ ಸಾಕು ಎಂಬುದು ಇಂದು ಲೋಕದ ಹಲವು ನಗರಗಳ ಅನುಭವ. ಊರಿನೊಳಗಿನ ರಸ್ತೆಯನ್ನು ಹೆದ್ದಾರಿಯ ಕಣ್ಣಿನಿಂದ ನೋಡುವುದನ್ನು ಬಿಟ್ಟಿದ್ದರೆ ಎಷ್ಟು ಮರ, ಎಷ್ಟು ಕಟ್ಟೆ, ಎಷ್ಟು ಪೂಜಾಸ್ಥಳ ಉಳಿಯುತ್ತಿದ್ದವೋ! ಎಲ್ಲ ಕಡೆಯೂ ಉಳಿಯುತ್ತಿದ್ದವು ಎಂದು ನಾವು ಹೇಳುತ್ತಿಲ್ಲ. ಆದರೆ ಈ ಪ್ರಶ್ನೆಯನ್ನು ಕೇಳಿದ್ದರೆ ಹಿಂದೂ ಮುಸ್ಲಿಮರು ಒಟ್ಟಿಗೇ ಕೇಳಬಹುದಾಗಿತ್ತು. ಕಾರಿನ ಪಥದ ಅಗಲ ಪ್ರಶ್ನಾತೀತವಾಯಿತು. ದೇವರ ಜಾಗ ಚರ್ಚೆಯ ವಸ್ತುವಾಯಿತು. ನಮ್ಮ ಕಾಲದ ಶ್ರದ್ಧೆ ಎಲ್ಲಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ರಾಣಿ ಚೆನ್ನಮ್ಮ ವೃತ್ತದ ಮೇಲ್ಸೇತುವೆಯ ಕಥೆಯೂ ಇದೇ ಜಾಡಿನದು. 2021ರಲ್ಲಿ ಶಂಕುಸ್ಥಾಪನೆಯಾದ ಆ ಕಾಮಗಾರಿ ಗಡುವಿನಿಂದ ಗಡುವಿಗೆ ಸರಿಯುತ್ತಾ ಊರಿನ ಎದೆಯನ್ನೇ ಅಗೆದಿಟ್ಟಿತು. 2024ರ ಸೆಪ್ಟೆಂಬರಿನಲ್ಲಿ ಮೇಲಿನಿಂದ ಬಿದ್ದ ಕಬ್ಬಿಣದ ಸಲಾಕೆ ತಲೆಗೆ ಬಡಿದು, ಕೆಳಗೆ ಹೋಗುತ್ತಿದ್ದ ಪೊಲೀಸ್ ಅಧಿಕಾರಿಯೊಬ್ಬರು ಜೀವ ಕಳೆದುಕೊಂಡರು. ವಾಹನಕ್ಕಾಗಿ ಆಕಾಶದಲ್ಲಿ ರಸ್ತೆ ಕಟ್ಟುವಾಗ ವರ್ಷಗಟ್ಟಲೆ ತಾಳ್ಮೆಯಿಂದ ಇರುವ ನಾವು, ನಡೆಯುವವರಿಗಾಗಿ ನೆಲದ ಮೇಲೆ ಒಂದು ಮೀಟರ್ ಜಾಗ ಕೇಳಿದರೆ ಮಾತ್ರ ತಾಳ್ಮೆ ಕಳೆದುಕೊಳ್ಳುತ್ತೇವೆ.

ಬೇರೆ ಊರುಗಳಲ್ಲಿ ಏನಾಯಿತು?

ದಿಲ್ಲಿಯಲ್ಲಿ ಅಂಬೇಡ್ಕರ್ ನಗರದಿಂದ ಮೂಲ್‌ಚಂದ್‌ವರೆಗೆ 2008ರಲ್ಲಿ ಬಸ್ ಪಥ ಆರಂಭವಾಯಿತು. ಕಾರಿನವರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. 2012ರಲ್ಲಿ ದಿಲ್ಲಿ ಹೈಕೋರ್ಟು ಬಸ್ ಪಥವನ್ನು ರದ್ದುಪಡಿಸಲು ಒಪ್ಪಲಿಲ್ಲ. ಆದರೂ ಜನಾಭಿಪ್ರಾಯದ ಹೆಸರಿನಲ್ಲಿ 2016ರಲ್ಲಿ ಅದನ್ನು ಒಡೆಯಲಾಯಿತು. ಭೋಪಾಲದಲ್ಲಿ 2024ರ ಜನವರಿಯಲ್ಲಿ ಒಡೆಯುವ ಕೆಲಸ ಶುರುವಾಯಿತು. ಇಂದೋರಿನದಕ್ಕೆ 2025ರ ಫೆಬ್ರವರಿಯಲ್ಲಿ ಅಂತ್ಯ ನಿಗದಿಯಾಯಿತು. ಒಡೆದ ದಿಲ್ಲಿಯಲ್ಲಿ ವಾಹನ ದಟ್ಟಣೆ ಮಾಯವಾಯಿತೇ? ಆ ಊರಿನ ರಸ್ತೆಗಳಲ್ಲಿ ಸಿಕ್ಕಿಹಾಕಿಕೊಂಡ ಯಾರನ್ನಾದರೂ ಕೇಳಬಹುದು. ಪಥ ಹೆಚ್ಚಾದಷ್ಟೂ ಕಾರು ಹೆಚ್ಚುತ್ತವೆ, ಹಗೇವು ದೊಡ್ಡದಾದಷ್ಟೂ ಇಲಿ ಹೆಚ್ಚಿದಂತೆ.

ನಮ್ಮದೇ ರಾಜ್ಯದಲ್ಲಿ ಇನ್ನೊಂದು ಬಗೆಯ ಉದಾಹರಣೆಗಳಿವೆ. ಬೆಂಗಳೂರಿನ ಚರ್ಚ್ ಸ್ಟ್ರೀಟನ್ನು ವಾಹನದ ಹಾದಿ ಕಿರಿದು ಮಾಡಿ, ಫುಟ್‌ಪಾತು ಹಿರಿದು ಮಾಡಿ, ಕಲ್ಲು ಹಾಸಿ 2018ರಲ್ಲಿ ಹೊಸದಾಗಿ ತೆರೆಯಲಾಯಿತು. 2020ರ ನವೆಂಬರಿನಿಂದ 2021ರ ಫೆಬ್ರವರಿವರೆಗೆ ವಾರಾಂತ್ಯಗಳಲ್ಲಿ ಅಲ್ಲಿ ವಾಹನಗಳನ್ನೇ ನಿಲ್ಲಿಸಿ ಪ್ರಯೋಗ ನಡೆಯಿತು. ಶ್ರೀಮಂತರ ಬೀದಿ, ಅಲ್ಲಿ ನಡೆದೀತು ಎನ್ನುವವರಿದ್ದಾರೆ. ಹಾಗಾದರೆ ಬಸವನಗುಡಿಯ ಗಾಂಧಿ ಬಜಾರನ್ನು ನೋಡಬೇಕು. ಹೂವು, ಹಣ್ಣು, ತರಕಾರಿಯ ಬೀದಿ ಅದು. ಅಲ್ಲಿ ನಡೆಯುವವರಿಗೆ ಜಾಗ ಹೆಚ್ಚಿಸುವ ಕಾಮಗಾರಿ ಶುರುವಾದಾಗ ಬೀದಿಬದಿ ವ್ಯಾಪಾರಿಗಳು ನಮ್ಮನ್ನು ಎಲ್ಲಿಗೆ ಕಳಿಸುತ್ತೀರಿ ಎಂದು ಕೇಳಿದರು. ಅಂಗಡಿಕಾರರು ಪಾರ್ಕಿಂಗ್ ಎಲ್ಲಿ ಎಂದು ಕೇಳಿದರು. ಇಬ್ಬರ ಪ್ರಶ್ನೆಯೂ ಬೇರೆ ಬೇರೆ. ಮೊದಲನೆಯದು ಹೊಟ್ಟೆಯ ಪ್ರಶ್ನೆ, ಎರಡನೆಯದು ಅನುಕೂಲದ ಪ್ರಶ್ನೆ. ನಮ್ಮ ಆಡಳಿತಗಾರರಿಗೆ ಎರಡನೆಯದು ಬೇಗ ಕೇಳಿಸುತ್ತದೆ.

ಇದರಿಂದ ಕಲಿಯಬೇಕಾದ್ದು ಇಷ್ಟು. ಮೇಲಿನಿಂದ ಇಳಿದು ಬರುವ ಯೋಜನೆ, ಅದು ಎಷ್ಟೇ ಒಳ್ಳೆಯದಿರಲಿ, ಜನರ ನಡುವೆ ಬೇರು ಬಿಡುವುದಿಲ್ಲ. ಬಿಆರ್‌ಟಿಎಸ್ ವಿರೋಧದಲ್ಲಿ ಕಾರಿನ ಸ್ವಾರ್ಥ ಮಾತ್ರ ಇದೆ ಎಂದು ತಿಳಿಯುವುದು ಸುಲಭ. ನಮ್ಮನ್ನು ಕೇಳಲೇ ಇಲ್ಲ ಎಂಬ ಅವಮಾನವೂ ಅದರಲ್ಲಿ ಸೇರಿದೆ. ಆ ಅವಮಾನವನ್ನು ಗುರುತಿಸದವರು ಬಸ್ಸನ್ನೂ ಉಳಿಸಲಾರರು, ಫುಟ್‌ಪಾತನ್ನೂ ಗೆಲ್ಲಲಾರರು.

ಏನು ಮಾಡಬಹುದು?

ವಿದ್ಯಾನಗರದ ಮಟ್ಟಿಗೆ ದೊಡ್ಡ ಕನಸುಗಳ ಅಗತ್ಯವಿಲ್ಲ. ನಿಲ್ದಾಣಗಳ ಎದುರು ರಸ್ತೆಯ ಮಟ್ಟವನ್ನು ಫುಟ್‌ಪಾತಿನಷ್ಟು ಎತ್ತರಿಸಿ ದಾಟುವ ಜಾಗ ಮಾಡಬಹುದು. ಆಗ ವಾಹನ ತಾನಾಗಿಯೇ ನಿಧಾನವಾಗುತ್ತದೆ, ಮುದುಕಿ ಮೆಟ್ಟಿಲು ಹತ್ತಿಳಿಯಬೇಕಿಲ್ಲ. ಪಾದಚಾರಿಗಳಿಗಾಗಿ ಮೇಲ್ಸೇತುವೆ ಕಟ್ಟಿಕೊಡುತ್ತೇವೆ ಎನ್ನುವವರಿಗೆ ಒಂದು ಪ್ರಶ್ನೆ: ಕಾಲು ನೋಯುವ ರೋಗಿ ಏರಬೇಕೋ, ಎಂಜಿನ್ ಇರುವ ಕಾರು ಏರಬೇಕೋ? ಕಾಲೇಜು ಮತ್ತು ಆಸ್ಪತ್ರೆಯ ಮುಂದೆ ವಾಹನದ ಪಥಗಳನ್ನು ತುಸು ಕಿರಿದು ಮಾಡಿ ಉಳಿದ ಜಾಗವನ್ನು ಫುಟ್‌ಪಾತಿಗೆ ಕೊಡಬಹುದು. ವೇಗ ಕಡಿಮೆಯಾದರೆ ಸಾವು ಕಡಿಮೆಯಾಗುತ್ತದೆ. ವಾಹನಗಳ ಸರಾಸರಿ ವೇಗ ನೂರಕ್ಕೆ ಒಂದರಷ್ಟು ಹೆಚ್ಚಿದರೆ ಸಾವಿನ ಅಪಾಯ ನೂರಕ್ಕೆ ನಾಲ್ಕರಷ್ಟು ಹೆಚ್ಚುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಆಂಬುಲೆನ್ಸಿನ ಪ್ರಶ್ನೆ ಯಾವಾಗಲೂ ಬರುತ್ತದೆ, ಬರಲೂ ಬೇಕು. ಕಿಮ್ಸ್‌ಗೆ ಬರುವ ದಾರಿಯಲ್ಲಿ ಒಂದು ನಿಮಿಷಕ್ಕೂ ಬೆಲೆಯಿದೆ. ಆದರೆ ಆಂಬುಲೆನ್ಸಿಗೆ ಅಡ್ಡಿಯಾಗುವುದು ಬಸ್ ಪಥವಲ್ಲ, ಅದರ ಮುಂದೆ ನಿಂತ ಕಾರುಗಳ ಸಾಲು. ಖಾಲಿ ಇರುವ ಮೀಸಲು ಪಥ ತುರ್ತು ಹೊತ್ತಿನಲ್ಲಿ ಆಂಬುಲೆನ್ಸಿನ ದಾರಿಯೂ ಆಗುತ್ತದೆ. ಅದನ್ನು ಎಲ್ಲರಿಗೂ ತೆರೆದ ದಿನ ಆ ದಾರಿಯೂ ಮುಚ್ಚಿಹೋಗುತ್ತದೆ.

ಬೀದಿಬದಿ ವ್ಯಾಪಾರಿಗಳನ್ನು ಓಡಿಸಿ ಫುಟ್‌ಪಾತು ಚಂದ ಮಾಡುವುದು ಪರಿಹಾರವಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವರಿಗೂ ಜಾಗ ಗುರುತಿಸಿ ಕೊಡಬೇಕು ಎನ್ನುತ್ತದೆ. ರಾತ್ರಿ ಹೊತ್ತು ದೀಪ ಹಚ್ಚಿಕೊಂಡು ನಿಂತ ಒಂದು ತಳ್ಳುಗಾಡಿ, ಹಾಸ್ಟೆಲಿಗೆ ಮರಳುವ ಹುಡುಗಿಗೆ ಪೊಲೀಸ್ ಚೌಕಿಗಿಂತ ಹೆಚ್ಚು ಧೈರ್ಯ ಕೊಡುತ್ತದೆ. ಒಳ ಓಣಿಗಳಲ್ಲಿ ಕೆಲವನ್ನು ಸಂಜೆಯ ಹೊತ್ತು ವಾಹನಕ್ಕೆ ಮುಚ್ಚಿ ಪ್ರಯೋಗ ಮಾಡಿ ನೋಡಬಹುದು. ಒಪ್ಪಿಗೆಯಾದರೆ ಮುಂದುವರಿಸಬಹುದು, ಆಗದಿದ್ದರೆ ಬಿಡಬಹುದು. ಕಲ್ಲು ಹಾಸುವ ಮೊದಲು ಬಣ್ಣ ಹಚ್ಚಿ, ಹೂಕುಂಡ ಇಟ್ಟು ನೋಡಲು ಕೋಟಿಗಳು ಬೇಕಿಲ್ಲ.

ಇನ್ನು ಅಭಿಪ್ರಾಯ ಸಂಗ್ರಹದ ಮಾತು. ಸಭೆಯನ್ನು ಹೋಟೆಲಿನ ಹವಾನಿಯಂತ್ರಿತ ಕೋಣೆಯಲ್ಲಿ ಕರೆದರೆ ಕಾರಿನಲ್ಲಿ ಬಂದವರ ಅಭಿಪ್ರಾಯವೇ ಸಿಗುತ್ತದೆ. ಅದೇ ಸಭೆಯನ್ನು ನಿಲ್ದಾಣದಲ್ಲಿ, ಆಸ್ಪತ್ರೆಯ ಹೊರರೋಗಿ ವಿಭಾಗದ ಮುಂದೆ, ಕಾಲೇಜಿನ ಗೇಟಿನಲ್ಲಿ, ಜುಮಾ ಮುಗಿದ ಮೇಲೆ ಮಸೀದಿಯ ಅಂಗಳದಲ್ಲಿ, ಸಂಜೆ ಗುಡಿಯ ಕಟ್ಟೆಯಲ್ಲಿ ನಡೆಸಿದರೆ ಬೇರೆಯದೇ ಜನಾಭಿಪ್ರಾಯ ಹೊರಬೀಳುತ್ತದೆ. ಆ ಅಭಿಪ್ರಾಯವೂ ಬಿಆರ್‌ಟಿಎಸ್ಸಿನ ಪರವಾಗಿಯೇ ಇರುತ್ತದೆ ಎಂದೇನಿಲ್ಲ. ಬಸ್ಸು ಹೊತ್ತಿಗೆ ಬರುವುದಿಲ್ಲ, ನಮ್ಮ ಓಣಿಗೆ ಬಸ್ಸಿಲ್ಲ, ದಾಟಲು ಹೆದರಿಕೆ ಎಂಬ ದೂರುಗಳೇ ಹೆಚ್ಚಿರಬಹುದು. ಆದರೆ ಅವು ಬಸ್ಸನ್ನು ಸುಧಾರಿಸುವ ದೂರುಗಳು, ಕೀಳುವ ದೂರುಗಳಲ್ಲ.

ರಸ್ತೆ ಯಾರಿಗೂ ಪೂರ್ತಿ ಸೇರಿದ್ದಲ್ಲ. ಕಾರಿನವರಿಗೂ ಅದರಲ್ಲಿ ಹಕ್ಕಿದೆ. ಮನೆಯಲ್ಲಿ ವಯಸ್ಸಾದವರು, ಅಂಗವಿಕಲರು ಇದ್ದವರಿಗೆ ಕಾರು ಅಗತ್ಯವೂ ಹೌದು. ಪ್ರಶ್ನೆ ಇರುವುದು ಪಾಲಿನದು. ಅಣ್ಣತಮ್ಮಂದಿರ ನಡುವೆ ಹೊಲ ಪಾಲಾಗುವಾಗ ದನಿ ದೊಡ್ಡದಿರುವ ಅಣ್ಣ ಹೆಚ್ಚು ಎಕರೆ ಬರೆಸಿಕೊಂಡರೆ ಊರವರು ಅದನ್ನು ನ್ಯಾಯ ಎನ್ನುವುದಿಲ್ಲ. ವಿದ್ಯಾನಗರದ ರಸ್ತೆಯ ಪಾಲಿನಲ್ಲಿ ತಮ್ಮನನ್ನು ಇನ್ನೂ ಯಾರೂ ಕರೆದು ಕೂರಿಸಿಲ್ಲ. ಬಸ್ ಪಥವನ್ನು ತೆರೆಯಬೇಕೋ ಮುಚ್ಚಬೇಕೋ ಎಂಬ ತೀರ್ಮಾನ ಅವನು ಬಂದು ಕೂತ ಮೇಲೆ ಆಗಲಿ. ಅಲ್ಲಿಯವರೆಗೆ ಅದನ್ನು ಜನಾಭಿಪ್ರಾಯ ಎಂದು ಕರೆಯುವುದು ಬೇಡ.